ಎರಡು ಅಂಕದ ಪ್ರಶ್ನೆ

ಆನವಟ್ಟಿ ರಸ್ತೆಯ ಸೊಸೈಟಿಯಲ್ಲಿ ಅಕ್ಕಿ ತೂಗುವವನು ನಾನು.
ಪಿಯುಸಿಯಲ್ಲಿ ಜೀವಶಾಸ್ತ್ರ ಎರಡು ಸಲ ಹೋದದ್ದು
ಊರಿಗೇ ಗೊತ್ತು.
ಕಿಣ್ವ ಎಂದರೇನು, ಎರಡು ಅಂಕ.
ಆವತ್ತು ಖಾಲಿ ಬಿಟ್ಟ ಜಾಗ
ಇವತ್ತು ಕೆರಿಯಮ್ಮನ ಹೆಬ್ಬೆರಳಾಗಿ ಎದುರು ನಿಂತಿತು.

ಅದೂ ಖಾಲಿಯೇ.
ಗಾಜಿನ ಮೇಲೆ ಒತ್ತಿದಳು. ಯಂತ್ರ ಕೆಂಪಗೆ ಮಿನುಗಿ ಒಲ್ಲೆ ಎಂದಿತು.
ಸೆರಗಿಗೆ ಒರೆಸಿ ಒತ್ತಿದಳು. ಒಲ್ಲೆ.
ತಲೆಗೂದಲಿಗೆ ಉಜ್ಜಿ, ಎಣ್ಣೆಪಸೆ ತಾಗಿಸಿ ಒತ್ತಿದಳು.
ತಿರುಗಿಸಿ ತೋರಿಸು ಅಂದೆ.
ಗೆರೆಗಳಿರಲಿಲ್ಲ.
ವರದೆಯಲ್ಲಿ ಉರುಳಿದ ಕಲ್ಲಿನ ಹಾಗೆ ನುಣ್ಣಗೆ,
ತುದಿಯಲ್ಲಿ ಹಸಿ ಗಾಯದ ಬಣ್ಣ.

ಮೂರು ತಿಂಗಳಿಂದ ಅನಾನಸ್ ಶೆಡ್ಡಿನಲ್ಲಿದ್ದಾಳೆ.
ದಿನಕ್ಕೆ ಮುನ್ನೂರು ಹಣ್ಣು: ಸಿಪ್ಪೆ, ಕಣ್ಣು, ನಡುವಿನ ದಿಂಡು.
ಗ್ಲೌಸು ಕೊಟ್ಟಿದ್ದಾರೆ, ಹಾಕಿದರೆ ಕತ್ತಿ ಜಾರುತ್ತದೆ.
"ಹಣ್ಣು ತಿಂತದೆ ಮಾರಾಯ," ನಕ್ಕಳು.
"ನಾವೊಂದು ಹೋಳು ತಿಂದ್ರೆ
ಅದು ನಾಲಿಗೆ ಒಂಚೂರು ತಿಂತದೆ. ಲೆಕ್ಕ ಸರಿಹೋಯ್ತಲ್ಲ."

ಲೆಕ್ಚರರ್ ಫಕ್ಕೀರಪ್ಪ ಬೋರ್ಡಿನ ಮೇಲೆ
ಬೀಗ, ಕೀಲಿ ಎಂದು ಚಿತ್ರ ಬರೆಯುತ್ತಿದ್ದಾಗ
ನಾನು ಕಿಟಕಿಯಾಚೆ ಲಾರಿ ಎಣಿಸುತ್ತಿದ್ದೆ.
ಕಿವಿ ಮಾತ್ರ ತನ್ನ ಪಾಡಿಗೆ ಕೇಳಿಸಿಕೊಂಡಿರಬೇಕು:
ಚರ್ಮದ, ಮಾಂಸದ ಸರಪಳಿಯ ಒಂದೇ ಒಂದು ಕೊಂಡಿ
ಬರೀ ನೀರಿನಲ್ಲಿ ತಾನಾಗಿ ಕಳಚಲು
ನೂರಾರು ವರ್ಷ ಬೇಕು,
ಕದಂಬರ ಕಾಲದ ಕಲ್ಲು ಒಂದಕ್ಷರ ಬಿಟ್ಟುಕೊಟ್ಟಷ್ಟು ನಿಧಾನ.
ಕಿಣ್ವ ಬಂದು ಮಗ್ಗುಲಲ್ಲಿ ಕೂತರೆ
ರೆಪ್ಪೆ ಬಡಿಯುವುದರೊಳಗೆ.
ಹತ್ತಿದ ಊರು ಅದೇ, ಇಳಿಯುವ ಊರೂ ಅದೇ,
ನಡುವಿನ ಘಾಟಿಯನ್ನಷ್ಟೇ ತಗ್ಗಿಸಿ ಕೊಡುತ್ತದೆ.
ಕೊಂಡಿ ಬಿಚ್ಚಿ, ಕೈ ಕೊಡವಿ,
ಬಂದ ಹಾಗೇ ಎದ್ದು ಮುಂದಿನ ಕೊಂಡಿಗೆ.
ಸವೆಯುವುದಿಲ್ಲ. ಕೂಲಿ ಕೇಳುವುದಿಲ್ಲ.

ಸವೆಯುವವಳು ಇವಳು.
ಕೂಲಿ ಕೇಳಿದರೆ ಸೋಮವಾರ ಬಾ ಎನ್ನುತ್ತಾರೆ.

ಕಿಣ್ವಕ್ಕೆ ಅವಳ ಹೆಸರು ಬೇಕಿರಲಿಲ್ಲ,
ಹಣ್ಣಿನದೋ ಹೆಂಗಸಿನದೋ, ಕೊಂಡಿ ಸಿಕ್ಕರೆ ಸಾಕು.
ಕೀಲಿಯ ಹಲ್ಲನ್ನು ಅದು ಉಜ್ಜಿಹಾಕಿತು;
ನನ್ನ ಮೇಜಿನ ಮೇಲಿನ ಈ ಇನ್ನೊಂದು ಬೀಗ
ನೀನ್ಯಾರು ಎಂದು ಅವಳನ್ನೇ ಕೇಳುತ್ತಿದೆ.

ಸಾಲು ಗೊಣಗಿತು. ತಿಂಗಳ ಕೊನೆ.
ಸರ್ವರ್ ಇವತ್ತು ಇದೆ, ನಾಳೆಯದು ದೇವರಿಗೆ ಗೊತ್ತು.
"ಜಾಮಿನ ಹಂಡೆ ಹತ್ರ ಇರೋರ ಬೆರಳು ಚೆನ್ನಾಗಿದಾವೆ," ಅಂದಳು,
"ಕುದಿಸಿದ ಮೇಲೆ ಹಣ್ಣಿನ ಹಲ್ಲು ಉದುರ್ತದೆ."
ಫಕ್ಕೀರಪ್ಪನವರೇ, ಎರಡನೇ ಅಂಕ ಇವಳಿಗೆ ಕೊಡಿ.

ಎಡಗೈ ನೀಡು ಅಂದೆ. ಹಣ್ಣು ಹಿಡಿಯುವ ಕೈ, ಇನ್ನೂ ನುಣುಪು.
ಕಿರುಬೆರಳೊಂದು ಬಿಟ್ಟು.
ಮುಳ್ಳು ತಾಗದಂತೆ ಅದನ್ನು ಎತ್ತಿಯೇ ಹಿಡಿಯುತ್ತಾಳಂತೆ,
ಕಾಫಿ ಲೋಟ ಹಿಡಿದ ಪಟೇಲರ ಹಾಗೆ.
ಒತ್ತಿದಳು.
ಯಂತ್ರ ಯೋಚಿಸಿತು, ಯೋಚಿಸಿತು,
ಹಸಿರು.

ಹದಿನೈದು ಕೆ.ಜಿ. ಚೀಲದ ಬಾಯಿ ಅವಳೇ ಹಿಡಿದಳು.
ರಾತ್ರಿ ಬರೀ ಅನ್ನವನ್ನು ಒಂದಿಷ್ಟು ಹೆಚ್ಚು ಹೊತ್ತು ಅಗಿದರೆ
ನಾಲಿಗೆಯ ಮೇಲೆ ಎಲ್ಲಿಂದಲೋ ಸಿಹಿ ಬರುತ್ತದೆ.
ಅದೂ ಒಂದು ಕಿಣ್ವದ ಕೆಲಸ, ಅವಳದೇ ಉಗುಳಿನದು.
ಅದು ಹೆಬ್ಬೆಟ್ಟು ಕೇಳುವುದಿಲ್ಲ.

ಸುಗ್ಗಿ ಮುಗಿದು ಕೈಗೆ ಬಿಡುವು ಸಿಕ್ಕರೆ
ಗೆರೆಗಳು ಮತ್ತೆ ಮೂಡುತ್ತವಂತೆ, ಮೊದಲಿದ್ದ ಸುಳಿಯಲ್ಲೇ.
ಅಲ್ಲಿಯವರೆಗೆ ಇರಲಿ ಎಂದು
ರಿಜಿಸ್ಟರಿನ ಅಂಚಿನಲ್ಲಿ ಬರೆದುಕೊಂಡೆ:
ಕೆರಿಯಮ್ಮ, ಎಡಗೈ, ಕೊನೆಯ ಬೆರಳು.